ಟ್ಯಾಂಕ್ ಒಳಗಿನ ಪಂಪ್‌ಗೆ ಯಾವ ಹೋಸ್ ಹಾಕಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನದು 2008ರ ಪೆಟ್ರೋಲ್ ಕಾರು, ಅಪ್ಪ ಓಡಿಸುತ್ತಿದ್ದದ್ದು, ಮಾರಲು ಮನಸ್ಸಿಲ್ಲ. ಮೂರು ತಿಂಗಳ ಹಿಂದೆ ಫ್ಯೂಯಲ್ ಪಂಪ್ ಬದಲಾಯಿಸಿದ್ದೆ. ಹೋದ ವಾರದಿಂದ ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ, ಬೆಳಿಗ್ಗೆ ಸ್ಟಾರ್ಟ್ ಆಗುವುದಕ್ಕೂ ಜಾಸ್ತಿ ಹೊತ್ತು ಬೇಕು. ಹಿಂದಿನ ಸೀಟು ಎತ್ತಿ ಪಂಪ್ ಹೊರಗೆ ತೆಗೆದು ನೋಡಿದರೆ, ಪಂಪ್‌ನಿಂದ ಮೇಲಿನ ಮುಚ್ಚಳಕ್ಕೆ ಹೋಗುವ ಗೇಣುದ್ದದ ರಬ್ಬರ್ ಹೋಸ್ ಊದಿಕೊಂಡು ಮೆತ್ತಗಾಗಿದೆ. ಕ್ಲಿಪ್ ಪಕ್ಕದಲ್ಲೇ ಸೀಳಿದೆ. ಉಜ್ಜಿದರೆ ಬೆರಳಿಗೆ ಕಪ್ಪು ಮಸಿ ಅಂಟುತ್ತದೆ.

ಅದರ ಮೇಲೆ ಎಸ್‌ಎಇ ಜೆ30ಆರ್9 (ಫ್ಯೂಯಲ್ ಹೋಸ್‌ಗಳ ಒಂದು ದರ್ಜೆ, ಚಿಕ್ಕದಾಗಿ ಆರ್9) ಅಂತ ಅಚ್ಚಾಗಿದೆ. ಅದು ಇಂಜೆಕ್ಷನ್ ಪ್ರೆಶರ್ ತಡೆಯುತ್ತದೆ ನಿಜ, ಆದರೆ ಹೊರಗಿನ ರಬ್ಬರ್ ಪೆಟ್ರೋಲ್‌ನಲ್ಲಿ ಮುಳುಗಿರುವುದಕ್ಕೆ ಮಾಡಿದ್ದಲ್ಲ, ಟ್ಯಾಂಕ್ ಒಳಗೆ ಮುಳುಗಿರಲೆಂದೇ ಮಾಡಿದ ಆರ್10 ದರ್ಜೆಯದು ಬೇಕು ಅಂತ ಈಗ ಗೊತ್ತಾಯಿತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿದೆ. ಒಂದು ಅಂಗಡಿಯಲ್ಲಿ ಮತ್ತೆ ಆರ್9 ಕೊಟ್ಟು "ಸುಮ್ನೆ ಹಾಕಿ ಸಾರ್, ಏನೂ ಆಗಲ್ಲ" ಅಂದರು. ಈ ಸೀಳು ನೋಡಿದ ಮೇಲೆ ಧೈರ್ಯ ಬರುತ್ತಿಲ್ಲ. ಇನ್ನೊಂದು ಕಡೆ ಸುರುಳಿ ಸುರುಳಿಯಾದ ನೈಲಾನ್ ಪೈಪ್ ತೋರಿಸಿದರು, ಬಿಸಿನೀರಲ್ಲಿ ಅದ್ದಿ ಒತ್ತಿದರೆ ಸಾಕು, ಕ್ಲಿಪ್ಪೇ ಬೇಡವಂತೆ. ಆದರೆ ನನ್ನ ಪಂಪ್ ಮೊದಲಿಂದಲೂ ರಬ್ಬರ್ ಹೋಸ್‌ನದು, ಆ ಮೂತಿಗೆ ನೈಲಾನ್ ಬಿಗಿಯಾಗಿ ಕೂರುತ್ತದೆಯೇ? ನಾನು ಸಿಕ್ಕಿಬಿದ್ದಿರುವುದು ಇಲ್ಲೇ.

ಒಳ ಅಳತೆ 8 ಎಂಎಂ, ಪ್ರೆಶರ್ ಸುಮಾರು 3 ಬಾರ್, ಹಾಕುವುದು ಇ20 ಪೆಟ್ರೋಲ್. ಇದಕ್ಕೆ ನೈಲಾನ್ ಹಾಕಬಹುದಾ, ಇಲ್ಲ ಆರ್10 ಸಿಗುವವರೆಗೆ ಕಾಯಬೇಕಾ? ಆರ್10 ಒಂದೆರಡು ಅಡಿ ಕತ್ತರಿಸಿ ಕೊಡುವ ಅಂಗಡಿ ಯಾರಿಗಾದರೂ ಗೊತ್ತಾ?