ಕಡಿಮೆ ಬೆಲೆಗೆ ಡಿಜಿಟಲ್ ಕಾಮಿಕ್ಸ್ ಎಲ್ಲಿ ಕೊಳ್ಳೋದು?

ಪ್ರಶ್ನೆ: 10 ಇಂಚಿನ ಟ್ಯಾಬ್‌ನಲ್ಲಿ ಓದೋಕೆ ಇಂಗ್ಲಿಷ್ ಗ್ರಾಫಿಕ್ ಕಾದಂಬರಿಗಳು ಬೇಕು. ಆಫರ್ ಎಲ್ಲಿ ನೋಡಲಿ? ಕಿಂಡಲ್‌ನಲ್ಲಿ ಕೊಂಡ್ರೆ ಫೈಲ್ ನಮ್ಮದಾಗುತ್ತಾ?

ಉತ್ತರ 1: ಬಹುಪಾಲು ಇಲ್ಲ, ಓದುವ ಪರವಾನಗಿ ಅಷ್ಟೇ. ಅಮೆಜಾನ್‌ನದೇ ಕಾಮಿಕ್ಸ್ ಆ್ಯಪ್ ಆಗಿದ್ದ ಕಾಮಿಕ್ಸಾಲಜಿ ಕೂಡ 2023ರ ಡಿಸೆಂಬರ್‌ನಲ್ಲಿ ಕಿಂಡಲ್‌ನೊಳಗೆ ಸೇರಿಹೋಯ್ತು. ಫೈಲೇ ಬೇಕಿದ್ರೆ ಹಂಬಲ್ ಬಂಡಲ್ ನೋಡಿ, ಹಲವು ಪುಸ್ತಕಗಳನ್ನು ಒಂದೇ ಕಟ್ಟಾಗಿ ಕಡಿಮೆ ಬೆಲೆಗೆ ಮಾರೋ ಜಾಲತಾಣ ಅದು. ಸಾಮಾನ್ಯವಾಗಿ ಪಿಡಿಎಫ್, ಸಿಬಿಝಡ್ (ಕಾಮಿಕ್ಸ್ ಫೈಲ್‌ನ ನಮೂನೆ) ಎರಡೂ ಕೊಡ್ತಾರೆ, ಡಿಆರ್‌ಎಂ (ನಕಲು ತಡೆಯೋ ಡಿಜಿಟಲ್ ಬೀಗ) ಇರಲ್ಲ. ಒಂದೇ ಕಟ್ಟಿಗೆ ಬೇರೆ ಬೇರೆ ಬೆಲೆಯ ಹಂತಗಳಿರುತ್ತೆ; ಕಡಿಮೆ ಬೆಲೆಯ ಹಂತದಲ್ಲಿ ಬರೀ ಮೊದಲ ಸಂಪುಟಗಳಿದ್ದು, ಮುಂದಿನವು ದುಬಾರಿ ಹಂತದಲ್ಲಿರಬಹುದು. ಪಟ್ಟಿ ಪೂರ್ತಿ ಓದಿಯೇ ದುಡ್ಡು ಕಟ್ಟಿ.

ಉತ್ತರ 2: ಹಂಬಲ್ ಬಂಡಲ್‌ನಲ್ಲಿ ಬೆಲೆ ಡಾಲರ್‌ನಲ್ಲಿ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡದಿದ್ರೆ ಪಾವತಿ ಆಗಲ್ಲ. ಫಾರೆಕ್ಸ್ (ವಿದೇಶಿ ಕರೆನ್ಸಿ) ಶುಲ್ಕವನ್ನೂ ಲೆಕ್ಕಕ್ಕೆ ಹಿಡೀರಿ.

ಉತ್ತರ 3: ಸಿಬಿಝಡ್ ಅಂದ್ರೆ ಚಿತ್ರಗಳಿರುವ ಝಿಪ್ ಫೈಲ್, ಅಷ್ಟೇ. ಕೆಲವು ರೀಡರ್‌ಗಳಲ್ಲಿ ಪುಟ 1 ಆದ್ಮೇಲೆ 10 ಬರುತ್ತೆ, ಹೆಸರನ್ನು ಅಕ್ಷರಕ್ರಮದಲ್ಲಿ ಜೋಡಿಸೋದ್ರಿಂದ. ಝಿಪ್ ಬಿಚ್ಚಿ, ಚಿತ್ರಗಳಿಗೆ 001, 002 ಅಂತ ಹೆಸರಿಟ್ಟು, ಮತ್ತೆ ಝಿಪ್ ಮಾಡಿ, ಎಕ್ಸ್‌ಟೆನ್ಶನ್ ಸಿಬಿಝಡ್ ಅಂತ ಬದಲಿಸಿ. ಹಳೇ ಅಮೆರಿಕನ್ ಕಾಮಿಕ್ಸ್ ಇಷ್ಟವಿದ್ರೆ ಡಿಜಿಟಲ್ ಕಾಮಿಕ್ ಮ್ಯೂಸಿಯಂ ಜಾಲತಾಣ ತಪ್ಪಿಸ್ಕೋಬೇಡಿ. ಹಕ್ಕುಸ್ವಾಮ್ಯ ಮುಗಿದ ಸಂಚಿಕೆಗಳು ಅಲ್ಲಿ ಪೂರ್ತಿ ಉಚಿತ.