ಇಂಗ್ಲಿಷ್ ವಾಕ್ಯದಲ್ಲಿ ವೈಜ್ಞಾನಿಕ ಹೆಸರು: 'ದಿ ಅರೆಕಾ ಕಟೇಚು' ಸರಿಯೇ?

ತೋಟಪಟ್ಟಿ:
ಅಡಿಕೆಯ ಕೊಳೆರೋಗದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಸಿದ್ಧವಾಗುತ್ತಿದೆ. ಮೂರು ಕಡೆ ಗೊಂದಲ. 'ದಿ ಅರೆಕಾ ಕಟೇಚು' ಎನ್ನಬೇಕೋ, ಬರೀ 'ಅರೆಕಾ ಕಟೇಚು' ಸಾಕೋ? ಹತ್ತು ಮರಗಳ ಮಾತು ಬಂದರೆ 'ಈಸ್' ಹಾಕಬೇಕೋ 'ಆರ್' ಹಾಕಬೇಕೋ? ಎರಡನೇ ಸಲದಿಂದ 'ಎ. ಕಟೇಚು' ಎಂದು ಮೊಟಕು ಮಾಡಬಹುದೇ? ಅದೇ ತೋಟದ ಕಾಳುಮೆಣಸಿನ ಸೊರಗು ರೋಗದ ಪ್ರಸ್ತಾಪವೂ ಇದೆ.

ಹರ್ಬೇರಿಯಂ ಶೀಟು:
ಶಾಲೆಯಲ್ಲಿ ಕಲಿತ ರೂಢನಾಮ, ಅಂಕಿತನಾಮ ನೆನಪಿಸಿಕೊಳ್ಳಿ, ಮೊದಲೆರಡು ಪ್ರಶ್ನೆ ಅಲ್ಲೇ ಬಗೆಹರಿಯುತ್ತವೆ. 'ಪಾಮ್' ರೂಢನಾಮ. ಅದಕ್ಕೆ 'ಎ', 'ದಿ', ಬಹುವಚನ ಎಲ್ಲ ಹೊಂದುತ್ತವೆ. 'ಅರೆಕಾ ಕಟೇಚು' ಒಂದು ಪ್ರಭೇದದ ಅಂಕಿತನಾಮ. 'ದಿ ಶಿರಸಿ' ಎನ್ನುತ್ತೇವೆಯೇ? ಇದೂ ಹಾಗೆಯೇ. ಪ್ರಭೇದ ಒಂದೇ ಆದ್ದರಿಂದ ಕ್ರಿಯಾಪದ ಏಕವಚನದಲ್ಲೇ ಇರುತ್ತದೆ: 'ಅರೆಕಾ ಕಟೇಚು ಈಸ್ ಗ್ರೋನ್...'. ಮರಗಳನ್ನು ಎಣಿಸುವಾಗ ರೂಢನಾಮವನ್ನು ಜೊತೆಗೆ ತನ್ನಿ: 'ಟೆನ್ ಅರೆಕಾ ಕಟೇಚು ಪಾಮ್ಸ್ ವರ್...'. ಇಲ್ಲಿ ಮುಂದೆ 'ದಿ' ಸೇರಿಸಿದರೂ ತಪ್ಪಿಲ್ಲ, ಅದು ಅಂಟಿಕೊಂಡಿರುವುದು ಪಾಮ್ಸ್‌ಗೆ.

ಇದಕ್ಕಿಂತ ಹೆಚ್ಚು ಕಾಣುವ ತಪ್ಪು ಬೇರೆ ಇದೆ. 'ಅರೆಕಾ ಕಟೇಚು ವಾಸ್ ಸ್ಪ್ರೇಡ್ ವಿತ್ 1% ಬೋರ್ಡೊ ಮಿಕ್ಸ್ಚರ್.' ವ್ಯಾಕರಣ ಸರಿ, ಅರ್ಥ ಕೆಟ್ಟಿದೆ. ಬೋರ್ಡೊ ದ್ರಾವಣ ಬಿದ್ದದ್ದು ಗೊನೆಗಳ ಮೇಲೆ, ಇಡೀ ಪ್ರಭೇದದ ಮೇಲಲ್ಲ. 'ಬಂಚಸ್ ಆಫ್ ಅರೆಕಾ ಕಟೇಚು ವರ್ ಸ್ಪ್ರೇಡ್' ಎಂದು ಬರೆದರೆ ಬಹುವಚನ ನ್ಯಾಯವಾಗಿ ಬರುತ್ತದೆ, ಹೆಸರಿನ ಬಾಲಕ್ಕೆ ಅಪಾಸ್ಟ್ರಫಿ-ಎಸ್ ಅಂಟಿಸುವ ಪೇಚೂ ತಪ್ಪುತ್ತದೆ.

ಕೊಕ್ಕೆ ಗುರುತು:
ಮೊಟಕು ಮಾಡುವಾಗ ಎಚ್ಚರ. 'ಎ. ಕಟೇಚು' ಅಂದರೆ ಅಡಿಕೆಯೋ, ಕಾಚಿನ ಮರವೋ? ಕಾಚಿನ ಮರಕ್ಕೂ ಬಹುಕಾಲ ಅಕೇಶಿಯ ಕಟೇಚು ಎಂಬ ಹೆಸರೇ ಇತ್ತು, ಈಗ ಸೆನೆಗಾಲಿಯ ಕಟೇಚು. ಎಲೆಯಡಿಕೆ ಚೀಲದಲ್ಲಿ ಜೊತೆಗಿದ್ದವು ಪ್ರಬಂಧದಲ್ಲೂ ಗಂಟುಬಿದ್ದ ಹಾಗೆ! ನಿಮ್ಮಲ್ಲಿ ಕಾಚಿನ ಪ್ರಸ್ತಾಪ ಇಲ್ಲದಿದ್ದರೆ ತೊಂದರೆಯಿಲ್ಲ. ಆದರೆ ಕಾಳುಮೆಣಸು ಪೈಪರ್ ನೈಗ್ರಮ್, ಅದರ ಸೊರಗು ರೋಗಾಣು ಫೈಟೋಫ್ಥೋರ ಕ್ಯಾಪ್ಸಿಸಿ. ಎರಡೂ 'ಪಿ.' ಆಗುತ್ತವೆ. ಒಂದೇ ವಾಕ್ಯದಲ್ಲಿ 'ಪಿ. ನೈಗ್ರಮ್', 'ಪಿ. ಕ್ಯಾಪ್ಸಿಸಿ' ಎಂದಿದ್ದರೆ ಓದುವವರು ಕುಲ (ಹೆಸರಿನ ಮೊದಲ ಪದ) ಒಂದೇ ಅಂದುಕೊಳ್ಳುತ್ತಾರೆ. ಇಲ್ಲಿ ಕುಲದ ಹೆಸರನ್ನು ಪೂರ್ತಿ ಬರೆಯುವುದೇ ಕ್ಷೇಮ.

ವಾಕ್ಯದ ಮೊದಲಲ್ಲಿ, ಶೀರ್ಷಿಕೆಯಲ್ಲಿ, ಚಿತ್ರ ಮತ್ತು ಕೋಷ್ಟಕದ ಅಡಿಬರಹದಲ್ಲಿ ಪೂರ್ತಿ ಹೆಸರೇ ಇರಲಿ. ಕುಲವನ್ನು ಬಿಟ್ಟು ಬರೀ 'ಕಟೇಚು' ಎಂದು ಎಲ್ಲೂ ಬರೆಯಬೇಡಿ. ಕುಲದ ಮೊದಲ ಅಕ್ಷರ ಕ್ಯಾಪಿಟಲ್, ಎರಡನೇ ಪದ ಪೂರ್ತಿ ಸಣ್ಣಕ್ಷರ, ಎರಡೂ ಇಟಾಲಿಕ್ಸ್. ವರ್ಡ್‌ನಲ್ಲಿ ಒಂದೊಂದಾಗಿ ತಿದ್ದುತ್ತ ಕೂರಬೇಡಿ: ಫೈಂಡ್-ರಿಪ್ಲೇಸ್‌ನ ಎರಡೂ ಪೆಟ್ಟಿಗೆಯಲ್ಲಿ ಅದೇ ಹೆಸರು ಹಾಕಿ, ಕೆಳಗಿನದರಲ್ಲಿ ಕರ್ಸರ್ ಇಟ್ಟು ಕಂಟ್ರೋಲ್-ಐ ಒತ್ತಿ, ರಿಪ್ಲೇಸ್ ಆಲ್ ಕೊಡಿ. 'ಎ.' ಸಾಲಿನ ಕೊನೆಯಲ್ಲಿ ಒಂಟಿಯಾಗಿ ಉಳಿಯದಿರಲು ಅದರ ನಂತರ ಕಂಟ್ರೋಲ್-ಶಿಫ್ಟ್-ಸ್ಪೇಸ್.

ಬೂಷ್ಟು:
ಅಡಿಕೆ ಕೊಳೆರೋಗದ ರೋಗಾಣುವಿನ ಹೆಸರಿನ ಬಗ್ಗೆ ಯಾರೂ ಹೇಳಲಿಲ್ಲ. ಹಳೆಯ ಪುಸ್ತಕದಲ್ಲಿದೆ ಎಂಬ ಒಂದೇ ಕಾರಣಕ್ಕೆ ನಿಮ್ಮ ಮಾದರಿಯನ್ನು 'ಫೈಟೋಫ್ಥೋರ ಅರೆಕೇ' ಎಂದು ಬರೆಯಬೇಡಿ. ನೀವು ಬೇರ್ಪಡಿಸಿದ ಮಾದರಿ ಕುಲದ ಮಟ್ಟಕ್ಕಷ್ಟೇ ಗೊತ್ತಾಗಿದ್ದರೆ 'ಫೈಟೋಫ್ಥೋರ ಎಸ್‌ಪಿ.', ಒಂದಕ್ಕಿಂತ ಹೆಚ್ಚು ಪ್ರಭೇದ ಇದ್ದರೆ 'ಎಸ್‌ಪಿಪಿ.'. ಇವೆರಡು 'ಸ್ಪೀಶೀಸ್' (ಪ್ರಭೇದ) ಪದದ ಏಕವಚನ, ಬಹುವಚನದ ಮೊಟಕು ರೂಪಗಳು, ಇಟಾಲಿಕ್ಸ್ ಅಲ್ಲ. 'ಎಸ್‌ಪಿಪಿ.' ಬಂದಾಗ ಮಾತ್ರ ಕ್ರಿಯಾಪದ ಬಹುವಚನ: 'ಫೈಟೋಫ್ಥೋರ ಎಸ್‌ಪಿಪಿ. ವರ್ ಐಸೊಲೇಟೆಡ್'.

ಹೆಸರಿಟ್ಟವರನ್ನು ಮೊದಲ ಸಲ ಮಾತ್ರ ನಮೂದಿಸಿದರೆ ಸಾಕು, ನೇರ ಅಕ್ಷರದಲ್ಲಿ. ಅಡಿಕೆಗೆ 'ಅರೆಕಾ ಕಟೇಚು ಎಲ್.', ಅಂದರೆ ಲಿನೀಯಸ್. 'ಫೈಟೋಫ್ಥೋರ ಅರೆಕೇ (ಎಲ್.ಸಿ. ಕೋಲ್‌ಮನ್) ಪೆಥಿಬ್ರ್.' ಎಂಬ ಹಳೆಯ ಹೆಸರನ್ನು ಉಲ್ಲೇಖಿಸಬೇಕಾಗಿ ಬಂದರೆ ಅದರ ಕಂಸವನ್ನು ಅಲಂಕಾರ ಎಂದು ತೆಗೆಯಬೇಡಿ. ಮೈಸೂರು ಸಂಸ್ಥಾನದಲ್ಲಿದ್ದ ಕೋಲ್‌ಮನ್ 1910ರಲ್ಲಿ ಇದನ್ನು ಬೇರೊಂದು ಪ್ರಭೇದದ ಉಪಬಗೆ ಎಂದು ವಿವರಿಸಿದರು, ಪೆಥಿಬ್ರಿಜ್ 1913ರಲ್ಲಿ ಸ್ವತಂತ್ರ ಪ್ರಭೇದದ ಪಟ್ಟಕ್ಕೇರಿಸಿದರು. ಕಂಸ ಹೇಳುವುದು ಆ ಚರಿತ್ರೆಯನ್ನೇ. ಪ್ರಾಣಿಗಳಲ್ಲಿ ಪದ್ಧತಿ ಬೇರೆ: 'ಪ್ಯಾಂಥೆರ ಟೈಗ್ರಿಸ್ (ಲಿನೀಯಸ್, 1758)'. ಇಸವಿ ಉಂಟು, ಕುಲ ಬದಲಿಸಿದವರ ಹೆಸರಿಲ್ಲ.

ತೋಟಪಟ್ಟಿ:
'ಕೊಳೆರೋಗ' ಎಂಬ ಪದವನ್ನೇ ಇಂಗ್ಲಿಷಿನಲ್ಲಿ ಬಳಸಿದರೆ ಇಟಾಲಿಕ್ಸ್ ಬೇಕೇ?

ಬೂಷ್ಟು:
ಅಡಿಕೆಯ ರೋಗದ ಹೆಸರಾಗಿ ಬಂದರೆ ಸಣ್ಣ 'ಕೆ', ನೇರ ಅಕ್ಷರ. ಆದರೆ ಕಾಫಿಯ ಕಪ್ಪು ಕೊಳೆಯ ಶಿಲೀಂಧ್ರಕ್ಕೆ ಕೊಳೆರೋಗ ನಾಕ್ಸಿಯ ಎಂಬ ಹೆಸರಿದೆ. ಅಲ್ಲಿ ನಮ್ಮ ಪದವೇ ಕುಲನಾಮ, ಆದ್ದರಿಂದ ಕ್ಯಾಪಿಟಲ್ 'ಕೆ', ಇಟಾಲಿಕ್ಸ್. ಇದಕ್ಕೆ ತಿರುಗಾಮುರುಗಾ ಉದಾಹರಣೆ ಕುಂಬಾರ ಕಪ್ಪೆ, ನಿಕ್ಟಿಬಟ್ರಾಕಸ್ ಕುಂಬಾರ: ಮೊಟ್ಟೆಗಳಿಗೆ ಮಣ್ಣು ಮೆತ್ತುವ ಉತ್ತರ ಕನ್ನಡದ ಈ ಕಪ್ಪೆಯ ಹೆಸರಲ್ಲಿ ಕನ್ನಡ ಪದ ಎರಡನೆಯದು, ಹಾಗಾಗಿ ಸಣ್ಣ 'ಕೆ'.

ಕೊಕ್ಕೆ ಗುರುತು:
ಶೀರ್ಷಿಕೆ ಇಡಿಯಾಗಿ ಇಟಾಲಿಕ್ಸ್‌ನಲ್ಲಿದ್ದರೆ ಹೆಸರನ್ನು ನೇರ ಮಾಡಿ, ಇಲ್ಲದಿದ್ದರೆ ಅದು ಎದ್ದು ಕಾಣುವುದಿಲ್ಲ. ಕೈಬರಹವಾದರೆ ಎರಡು ಪದಕ್ಕೂ ಬೇರೆ ಬೇರೆ ಅಡಿಗೆರೆ.