ಎಕ್ಸೆಲ್‌ನಲ್ಲಿ 12345678987654321 ಹಾಕಿದರೆ ಕೊನೆಗೆ 00 ಬರುತ್ತಿದೆ, ಏನು ಮಾಡಲಿ?

ಸಿಂಧನೂರು ಮಾಸ್ತರ
ಶಾಲೆಯ ಗಣಿತ ಮೇಳಕ್ಕೆ ಚಾರ್ಟ್ ಮಾಡುತ್ತಿದ್ದೇನೆ. 111111111ರ ವರ್ಗ 12345678987654321, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಅಂತ ಮಕ್ಕಳ ಮುಂದೆ ಹೇಳಿಬಿಟ್ಟಿದ್ದೇನೆ. ಎಕ್ಸೆಲ್‌ನಲ್ಲಿ ಗುಣಿಸಿದರೆ 12345678987654300 ಬರುತ್ತಿದೆ. ಕಾಲಂ ಅಗಲ ಮಾಡಿದೆ, ಫಾರ್ಮ್ಯಾಟ್ ಬದಲಿಸಿದೆ, ಅದೇ ಕಥೆ. 9ರಿಂದ ಭಾಗವಾಗುತ್ತದಾ ನೋಡೋಣ ಅಂತ ಶೇಷ ಹೇಳುವ ಮಾಡ್ (MOD) ಫಾರ್ಮುಲಾ ಹಾಕಿದರೆ ನೇರ ಎರರ್. ಲ್ಯಾಪ್‌ಟಾಪ್ ಹಳೆಯದು, ಅದಕ್ಕಾ?

ಒಗ್ಗರಣೆ ಮಿರ್ಚಿ, ಬಳ್ಳಾರಿ
ಪಾಪ, ಲ್ಯಾಪ್‌ಟಾಪ್ ಬಯ್ಯಬೇಡಿ ಸರ್. ಎಕ್ಸೆಲ್ ತೋರಿಸುವುದೇ 15 ಅಂಕಿ, ನಿಮ್ಮದು 17. ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ಸೆಲ್ಲನ್ನು ಮೊದಲು ಟೆಕ್ಸ್ಟ್ ಮಾಡಿ, ಆಮೇಲೆ ಟೈಪ್ ಮಾಡಿ.

ಸಿಂಧನೂರು ಮಾಸ್ತರ
ಈಗ ಸರಿಯಾಗಿ ಕಾಣುತ್ತಿದೆ. ಆದರೆ ಲೆಕ್ಕ ಮಾಡುವುದು ಹೇಗೆ? ಮಗಳು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗುಣಿಸಿದಳು, 12345678987654320 ಬಂತು. ಇದು ಮೂರನೇ ಉತ್ತರ!

ತುಂಗಭದ್ರಾ ಎಡದಂಡೆ, ಗಂಗಾವತಿ
ಎರಡೂ ಕಡೆ ರೋಗ ಒಂದೇ. ಒಳಗೆ ಸಂಖ್ಯೆಯನ್ನು 64 ಬಿಟ್‌ನ (64 ಸೊನ್ನೆ-ಒಂದುಗಳ) ದ್ವಿಮಾನ ಫ್ಲೋಟಿಂಗ್ ಪಾಯಿಂಟ್ ರೂಪದಲ್ಲಿ ಇಡುತ್ತಾರೆ. ಅದರಲ್ಲಿ 2ರ 53ನೇ ಘಾತದವರೆಗೆ, ಅಂದರೆ 9007199254740992ರವರೆಗೆ, ಎಲ್ಲ ಪೂರ್ಣ ಸಂಖ್ಯೆಗೂ ಜಾಗವಿದೆ. ಅದನ್ನು ದಾಟಿದರೆ ಎರಡೆರಡು ಹೆಜ್ಜೆ. ನಿಮ್ಮದು ಬೆಸ ಸಂಖ್ಯೆ, ಅಲ್ಲಿ ಕೂರಲು ಜಾಗವೇ ಇಲ್ಲ, ಪಕ್ಕದ ಸಮಕ್ಕೆ ಜಾರಿತು.

ಪೈಥಾನ್ ಹಾಕಿ, ಅದೂ ಒಂದು ಪ್ರೋಗ್ರಾಮಿಂಗ್ ಭಾಷೆ. ಪೂರ್ಣ ಸಂಖ್ಯೆ ಎಷ್ಟೇ ಉದ್ದವಿರಲಿ, ಕೆಡುವುದಿಲ್ಲ. ಆದರೆ ವರ್ಗಮೂಲ ತೆಗೆಯುವಾಗ ಎಸ್‌ಕ್ಯೂಆರ್‌ಟಿ (sqrt) ಬೇಡ, ಪೂರ್ಣ ಸಂಖ್ಯೆಯಲ್ಲೇ ಲೆಕ್ಕ ಮಾಡುವ ಐಎಸ್‌ಕ್ಯೂಆರ್‌ಟಿ (isqrt) ಬಳಸಿ. ಮೊದಲನೆಯದು 12345678987654320ಕ್ಕೂ 111111111 ಅಂತಲೇ ಹೇಳುತ್ತದೆ. ನಾನೂ ಒಮ್ಮೆ ಹೀಗೇ ಮೋಸ ಹೋಗಿದ್ದೆ.

ಇನ್ನು 9ರ ವಿಷಯಕ್ಕೆ ಕಂಪ್ಯೂಟರೇ ಬೇಡ. ಅಂಕಿ ಕೂಡಿಸಿ, 81 ಬರುತ್ತದೆ. 9ರಿಂದ ಭಾಗವಾಗುತ್ತದೆ, ಅಷ್ಟೇ ಅಲ್ಲ, 81ರಿಂದಲೇ ಭಾಗವಾಗುತ್ತದೆ. ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆಗೆ ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮಾಸ್ತರ ಕಾಪ್ರೇಕರ್ ‘ಹರ್ಷದ’ ಅಂತ ಹೆಸರಿಟ್ಟರು. ನಿಮ್ಮ ಹಾಗೆ ಮೇಷ್ಟ್ರೇ ಅವರು! ಭಾಗಲಬ್ಧ 152415789971041. ಅದು 12345679ರ ವರ್ಗ. 8 ಎಲ್ಲಿ ಹೋಯಿತು ಅಂತ ಮಕ್ಕಳನ್ನು ಕೇಳಿ.

ಒಗ್ಗರಣೆ ಮಿರ್ಚಿ, ಬಳ್ಳಾರಿ
ಚಾರ್ಟ್‌ಗೆ ಇದನ್ನೂ ಹಾಕಿ: 111111111 = 3 × 3 × 37 × 333667. ವರ್ಗ ಮಾಡಿದಾಗ 3 ನಾಲ್ಕು ಸಲ, ಉಳಿದವು ಎರಡೆರಡು ಸಲ. ಪ್ರತಿ ಎಣಿಕೆಗೆ ಒಂದು ಕೂಡಿಸಿ ಗುಣಿಸಿದರೆ ಒಟ್ಟು ಭಾಜಕಗಳು 5 × 3 × 3 = 45. ಪೂರ್ಣ ವರ್ಗಕ್ಕೆ ಮಾತ್ರ ಭಾಜಕಗಳ ಎಣಿಕೆ ಬೆಸ ಬರುತ್ತದೆ.

ಸಿಂಧನೂರು ಮಾಸ್ತರ
ಪೈಥಾನ್‌ನಲ್ಲಿ ಎಲ್ಲ ಸರಿ ಬಂತು. ಆಸೆಗೆ ಹತ್ತು ಒಂದುಗಳ ವರ್ಗ ಮಾಡಿದೆ, 1234567900987654321 ಬಂತು. ಇದೂ ಕೆಟ್ಟಿತಾ?

ತುಂಗಭದ್ರಾ ಎಡದಂಡೆ, ಗಂಗಾವತಿ
ಇಲ್ಲ ಸರ್, ಅದು ಸರಿಯೇ. ಕೈಯಲ್ಲಿ ಗುಣಿಸಿ ನೋಡಿ. ನಡುವಿನ ಲಂಬ ಸಾಲಿನಲ್ಲಿ ಹತ್ತು ಒಂದು ಸೇರಿ 10 ಆಗುತ್ತದೆ, ದಶಕ ಪಕ್ಕಕ್ಕೆ ಹೋಗುತ್ತದೆ. ಚಾರ್ಟ್ ಒಂಬತ್ತಕ್ಕೇ ನಿಲ್ಲಿಸಿ.